ನಲವತ್ತೊಂದನೆಯ ಗೂಟ

ಮೊಸಳೆಯ ಬಾಯೊಳಗೆ ಮೂರು ದಿನ ಕಾಲು ಚಾಚಿ ಮಲಗಿ, ಅದರ ಹಲ್ಲಿಗೇ ಅಂಗಿ ನೇತುಹಾಕಿ, ಹೊರಡುವಾಗ ಅದಕ್ಕೊಂದು ನಮಸ್ಕಾರ ಹೇಳಿ ಎದ್ದು ಬಂದ ಮನುಷ್ಯ ಈ ಭೂಮಿಯ ಮೇಲೆ ನಾನೊಬ್ಬನೇ. ಸುಳ್ಳು. ಮೊಸಳೆಯನ್ನು ನಾನು ನೋಡಿದ್ದೇ ಒಮ್ಮೆ, ಅದೂ ದೂರದಿಂದ, ಅದು ನಿದ್ದೆಯಲ್ಲಿದ್ದಾಗ, ನಮ್ಮಿಬ್ಬರ ನಡುವೆ ಗಟ್ಟಿಯಾದ ಕಂಬಿಬೇಲಿ ಇದ್ದಾಗ. ಆದರೆ ಈಗ ಹೇಳುವ ಊರಿದೆಯಲ್ಲ, ಅದರ ವಿಷಯದಲ್ಲಿ ನಾನು ಹೆಚ್ಚು ಸುಳ್ಳು ಹೇಳುವುದಿಲ್ಲ. ಕಥೆ ನಿಲ್ಲುವುದಕ್ಕೆ ಎಷ್ಟು ಬೇಕೋ ಅಷ್ಟೇ.

ಆ ಊರಿಗೆ ಹೆಸರಿರಲಿಲ್ಲ. ಒಂದು ಕಡೆ ನದಿ, ಮೂರು ಕಡೆ ಬಂಡೆ. ಅಲ್ಲಿ ಬರಿಬಾಯಿಯ ಮಾತಿಗೆ ಬೆಲೆಯಿರಲಿಲ್ಲ. ಉಪ್ಪು ಕೊಡು, ಬಾಗಿಲು ಹಾಕು, ನಿನ್ನ ಕೋಳಿ ನಮ್ಮ ಅಂಗಳಕ್ಕೆ ಬಂದಿದೆ ಎಂಬಂಥವನ್ನು ಯಾರು ಬೇಕಾದರೂ ಬರಿಬಾಯಲ್ಲಿ ಆಡಬಹುದು. ತೂಕದ ಮಾತಾದರೆ ದವಡೆಮನೆಗೆ ಹೋಗಬೇಕು. ಅಲ್ಲಿ ಗೋಡೆಯ ಗೂಟಗಳಿಗೆ ನೇತುಹಾಕಿದ ದವಡೆಗಳಲ್ಲಿ ಆ ಮಾತಿಗೆ ತಕ್ಕದ್ದನ್ನು ಇಳಿಸಿಕೊಂಡು, ತನ್ನ ಬಾಯಿಗೆ ಅಡ್ಡ ಹಿಡಿದು, ಅದರ ಸಂದಿನಿಂದ ಹೇಳಬೇಕು. ಹಾಗೆ ಹೇಳಿದ್ದು ಕಲ್ಲಿನಲ್ಲಿ ಕೊರೆದ ಹಾಗೆ. ಬರಿಬಾಯಲ್ಲಿ ಹೇಳಿದ್ದು ಗಾಳಿ.

ದವಡೆಮನೆಯ ಬಾಗಿಲೇ ಒಂದು ಬಾಯಿ. ತಿಮಿಂಗಿಲದ ಕೆಳದವಡೆಯ ಎರಡು ಎಲುಬುಗಳನ್ನು ನೆಲಕ್ಕೆ ನೆಟ್ಟು ಕಮಾನು ಮಾಡಿದ್ದರು. ಅದರ ಕೆಳಗೆ ದಾಟುವಾಗ ಎಂಥ ಗಟ್ಟಿಗಂಟಲಿನವರೂ ಧ್ವನಿ ತಗ್ಗಿಸುತ್ತಿದ್ದರು. ಅಷ್ಟು ದೊಡ್ಡ ಬಾಯಿ, ಒಂದೇ ಒಂದು ಹಲ್ಲೂ ಇಲ್ಲ. ಸಮುದ್ರವನ್ನೇ ಬಾಯಿತುಂಬ ತುಂಬಿಕೊಂಡು, ಜರಡಿ ಹಿಡಿದ ಹಾಗೆ ಸೋಸಿ ಹೊರಗೆ ಬಿಟ್ಟು, ಸಾಸಿವೆಯಂಥ ಜೀವಗಳನ್ನು ಮಾತ್ರ ಒಳಗೆ ಉಳಿಸಿಕೊಂಡು ಬದುಕಿದ ಬಾಯಿ ಅದು. ಒಳಗೆ ಹೋಗುವವರು ತಾವೂ ಒಂದು ಸಾಸಿವೆಯಾಗಿ ಹೋಗುತ್ತಿದ್ದರು.

ಆ ದವಡೆಗಳನ್ನು ನೋಡಿಕೊಳ್ಳುವವನು ಎಣ್ಣೆಯವನು. ದಿನಕ್ಕೊಂದು ಗೂಟದಂತೆ ದವಡೆ ಇಳಿಸುವುದು, ಒರೆಸುವುದು, ಎಣ್ಣೆ ಸವರುವುದು, ತಿರುಗಿ ನೇತುಹಾಕುವುದು ಅವನ ಕೆಲಸ. ಮೂವತ್ತೇಳು ವರ್ಷದ ಒಂಟಿ ಜೀವ. ಕೈ ಬಹಳ ಸೂಕ್ಷ್ಮ. ನಾಲಿಗೆ ಮಾತ್ರ ಬೇರೆ ಜಾತಿ. ಹೊಸದಾಗಿ ಮದುವೆಯಾದವರು ಬಂದರೆ ಹಾವಿನ ದವಡೆಯನ್ನು ತೋರಿಸಿ, ಇದು ನನ್ನ ಸೋದರಮಾವನದು, ಹಬ್ಬದ ದಿನ ಇಡೀ ಹಲಸಿನಹಣ್ಣು ನುಂಗುತ್ತಿದ್ದ ಎಂದು ಹೇಳಿ ಕಳಿಸುತ್ತಿದ್ದ. ಇಲಿಯ ಹಲ್ಲು ಸತ್ತ ಮೇಲೂ ಬೆಳೆಯುತ್ತದೆ, ತಾನು ಪ್ರತಿ ವಾರ ಅರ ಹಾಕಿ ಕತ್ತರಿಸುತ್ತೇನೆ ಎನ್ನುತ್ತಿದ್ದ. ಊರಿನವರು ನಗುತ್ತಿದ್ದರು, ಒಂದು ಮಾತನ್ನೂ ನಂಬುತ್ತಿರಲಿಲ್ಲ. ಎಣ್ಣೆಯವನು ಹೊತ್ತು ಮೂಡಿತು ಎಂದರೂ ಎದ್ದು ಕಿಟಕಿ ತೆರೆದು ನೋಡುವವರೇ.

ಒಬ್ಬನೇ ಇರುವಾಗ ಅವನು ಬೇರೆ ಮನುಷ್ಯ. ಮೊಸಳೆಯ ದವಡೆಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದ. ಮುಚ್ಚಿದರೆ ಎಮ್ಮೆಯ ತೊಡೆಯೆಲುಬು ಪುಡಿಯಾಗುವಂಥ ಬಲ, ತೆರೆಯುವುದಕ್ಕೆ ಮಾತ್ರ ಒಂದು ಬಳ್ಳಿಯ ಗಂಟನ್ನು ಬಿಡಿಸುವಷ್ಟೂ ಶಕ್ತಿಯಿಲ್ಲ. ಅದಕ್ಕೇ ಗುಟ್ಟು ಕಾಯುತ್ತೇನೆಂದು ಆಣೆಯಿಡುವವರು ಅದನ್ನು ಹಿಡಿಯುತ್ತಿದ್ದರು. ಹಾವಿನ ಕೆಳದವಡೆಯ ಎರಡು ತುಂಡುಗಳು ನಡುವೆ ಸೇರಿಯೇ ಇಲ್ಲ. ಎಡತುಂಡು ಒಂದು ಹೆಜ್ಜೆ, ಬಲತುಂಡು ಒಂದು ಹೆಜ್ಜೆ, ಹೀಗೆ ನಡೆದುಕೊಂಡು ಹೋಗಿ ತನಗಿಂತ ದೊಡ್ಡದನ್ನು ಒಳಗೆ ತೆಗೆದುಕೊಳ್ಳುತ್ತದೆ. ಮನೆಯಲ್ಲಿ ಸಾವಾದವರು ಆ ಸಾವನ್ನು ಊರಿಗೆ ಹೇಳುವಾಗ ಹಾವಿನ ದವಡೆಯಿಂದ ಹೇಳುತ್ತಿದ್ದರು. ಹಳೆಯ ಜಗಳವನ್ನು ಮತ್ತೆ ಎತ್ತುವವರಿಗೆ ಹಸುವಿನದು, ಮೆಲುಕು ಹಾಕಲಿ ಎಂದು.

ಚಿಕ್ಕವುಗಳ ಮುಂದೆ ಅವನ ಉಸಿರು ನಿಲ್ಲುತ್ತಿತ್ತು. ಸೊಳ್ಳೆಯ ಬಾಯಿ, ಚಿಟ್ಟೆಯ ಬಾಯಿ, ಇರುವೆಯ ಬಾಯಿ ಇವನ್ನೆಲ್ಲ ಗೂಟಕ್ಕೆ ಕಟ್ಟಿದ ಪುಟ್ಟ ಬುಟ್ಟಿಗಳಲ್ಲಿ ಇಟ್ಟಿದ್ದರು. ಅತ್ತಿಯ ಎಲೆಗೆ ಸೂಜಿಯಿಂದ ತೂತು ಮಾಡಿ, ಆ ತೂತಿನಲ್ಲಿ ಒಂದು ಹನಿ ನೀರು ನಿಲ್ಲಿಸಿ, ಅದರೊಳಗಿಂದ ನೋಡುತ್ತಿದ್ದ. ಹನಿಯೊಳಗೆ ಎಲ್ಲವೂ ದೊಡ್ಡದಾಗುತ್ತಿತ್ತು. ನಾವು ಒಂದು ಸೂಜಿ ಎಂದುಕೊಳ್ಳುವ ಸೊಳ್ಳೆಯ ಮೂತಿಯಲ್ಲಿ ಆರು ಸೂಜಿಗಳು, ಒಂದು ಒರೆಯಲ್ಲಿ ಆರು ಕತ್ತಿ ಇಟ್ಟ ಹಾಗೆ. ಚಿಟ್ಟೆಯದು ಸುರುಳಿ, ಅದೂ ಹುಟ್ಟುವಾಗ ಎರಡು ಎಳೆ, ಕೋಶ ಒಡೆದು ಬಂದ ಮೇಲೆ ಚಿಟ್ಟೆ ತಾನೇ ಕೂತು ಎರಡನ್ನೂ ಜೋಡಿಸಿ ಒಂದು ಕೊಳವೆ ಮಾಡಿಕೊಳ್ಳುತ್ತದೆ. ಹೆಣ್ಣು ಕೇಳಲು ಬರುವ ಗಂಡುಗಳಿಗೆ ಅದನ್ನೇ ಕೊಡುತ್ತಿದ್ದರು. ಇರುವೆಯದು ಮೇಲೆ ಕೆಳಗೆ ಅಲ್ಲ, ಎಡಕ್ಕೆ ಬಲಕ್ಕೆ ತೆರೆಯುತ್ತದೆ. ಬಸವನಹುಳುವಿಗೆ ದವಡೆಯ ಬದಲು ಒಂದು ಪಟ್ಟಿ, ಪಟ್ಟಿಯ ತುಂಬ ಸಾವಿರಾರು ಹಲ್ಲು, ಬೆಕ್ಕಿನ ನಾಲಿಗೆಯ ಹಾಗೆ ತರಿತರಿ. ಇಷ್ಟೆಲ್ಲ ಬಾಯಿ ಮಾಡಿದ್ದು ಯಾರು, ಎಷ್ಟು ಹಸಿವು ಕಂಡು ಮಾಡಿದ್ದು ಎಂದು ಅವನು ಎಲೆ ಕೈಯಲ್ಲಿ ಹಿಡಿದು ಹೊತ್ತು ಮರೆಯುತ್ತಿದ್ದ. ಎಣ್ಣೆ ಆರಿಹೋಗುತ್ತಿತ್ತು.

ಗೂಟಗಳು ನಲವತ್ತೊಂದು. ದವಡೆಗಳು ನಲವತ್ತು.

ಪ್ರತಿ ಗೂಟದ ಕೆಳಗೂ ಊರು ಕಟ್ಟಿದವರು ಆಯಾ ಜೀವದ ಚಿತ್ರ ಕೊರೆದಿದ್ದರು. ಎಲ್ಲವೂ ಅಂಗೈಯಗಲ, ಮೊಸಳೆಯೂ ಅಷ್ಟೇ, ಸೊಳ್ಳೆಯೂ ಅಷ್ಟೇ. ಕೊನೆಯ ಗೂಟ ಖಾಲಿ. ಅದರ ಕೆಳಗಿನ ಚಿತ್ರದಲ್ಲಿ ನೆಟ್ಟಗೆ ಎತ್ತಿದ ರೆಕ್ಕೆಗಳು, ಮೂರು ಉದ್ದ ಬಾಲ. ಅಂಥ ಪ್ರಾಣಿಯನ್ನು ಯಾರೂ ನೋಡಿರಲಿಲ್ಲ, ಆದ್ದರಿಂದ ಅದು ಬಹಳ ದೊಡ್ಡದೇ ಇರಬೇಕು ಎಂದು ಊರು ತೀರ್ಮಾನಿಸಿತ್ತು. ಮೂರು ಬಾಲದ ಮಹಾಮೃಗ. ಅದರ ದವಡೆ ಬಾಗಿಲಷ್ಟಿತ್ತಂತೆ. ಅದನ್ನು ಯಾರೋ ಕದ್ದರಂತೆ. ಮೃಗ ನದಿಯ ಆಚೆ ದಡದಲ್ಲಿ ತನ್ನ ದವಡೆಗಾಗಿ ಕಾಯುತ್ತಿದೆಯಂತೆ. ಸಿಕ್ಕಿದವರನ್ನು ತಿನ್ನುತ್ತದಂತೆ. ದವಡೆಯಿಲ್ಲದ ಮೃಗ ಹೇಗೆ ತಿನ್ನುತ್ತದೆ ಎಂದು ಕೇಳಬೇಡಿ. ನುಂಗುತ್ತದೆ ಎಂದಿಟ್ಟುಕೊಳ್ಳಿ.

ವರ್ಷಕ್ಕೊಮ್ಮೆ, ನದಿಯ ಕೆಂಪು ಇಳಿದು ನೀರು ತಿಳಿಯಾದಾಗ, ಎಣಿಕೆ. ಊರಿಗೆ ಊರೇ ದವಡೆಮನೆಯಲ್ಲಿ ಸೇರಿ ಬಲಗೈಯಿಂದ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿತ್ತು. ಒಂದು, ಎರಡು, ಮೂರು. ನಲವತ್ತರವರೆಗೆ ಎಣಿಸಿ ನಿಲ್ಲಿಸಬೇಕು. ಆಮೇಲೆ ಮೌನ. ಆ ಮೌನದಲ್ಲಿ ಯಾರ ಬಾಯಿ ಮೊದಲು ತೆರೆಯುತ್ತದೋ ಅವರೇ ಕಳ್ಳರು. ಕದ್ದ ದವಡೆ ಕದ್ದವರ ಬಾಯಲ್ಲೇ ಅಡಗಿರುತ್ತದೆ, ತನ್ನ ಗೂಟದ ಎದುರು ಹೆಚ್ಚು ಹೊತ್ತು ಸುಮ್ಮನಿರಲಾರದು ಎಂಬುದು ಅವರ ಲೆಕ್ಕ. ಬಾಗಿಲಷ್ಟು ದೊಡ್ಡದು ಒಬ್ಬರ ಬಾಯಲ್ಲಿ ಹೇಗೆ ಅಡಗಿತು ಎಂದು ಅವರೂ ಕೇಳಿಕೊಳ್ಳಲಿಲ್ಲ. ಕಳ್ಳರಿಗೆ ಮೂರು ಸಂಜೆಯ ಗಡುವು. ದವಡೆ ತಂದು ಗೂಟಕ್ಕೆ ಹಾಕಿದರೆ ಸರಿ. ಇಲ್ಲವಾದರೆ ಮೂರನೆಯ ಸಂಜೆ ಅಂಬಿಗಿತ್ತಿ ಅವರನ್ನು ದೋಣಿಯಲ್ಲಿ ನಡುಹೊಳೆಯ ಮರಳದಿಬ್ಬದವರೆಗೆ ಒಯ್ದು ಇಳಿಸುವಳು. ಮುಂದಿನ ನೀರು ಮೊಣಕಾಲುದ್ದ. ನಡೆದುಕೊಂಡು ಆಚೆ ದಡಕ್ಕೆ ಹೋಗಬೇಕು, ಮೃಗದ ಹತ್ತಿರ. ಯಾರೂ ತಿರುಗಿ ಬಂದಿರಲಿಲ್ಲ.

ಎಣ್ಣೆಯವನ ತಾಯಿಯೂ ಹೋದವಳೇ. ಆಗ ಅವನಿಗೆ ಆರು ವರ್ಷ. ಮೌನದ ಹೊತ್ತಿನಲ್ಲಿ ಅವನು ಮೊಸಳೆಯ ದವಡೆ ತೆರೆದೇ ಇರಲೆಂದು ನಡುವೆ ನಿಲ್ಲಿಸಿದ್ದ ಬಿದಿರಿನ ಊರುಗೋಲನ್ನು ಒಂದು ಕೈಯಲ್ಲಿ ಎಳೆಯುತ್ತ, ಇನ್ನೊಂದು ಕೈಯನ್ನು ಹಲ್ಲಿನ ನಡುವೆ ಇಟ್ಟಿದ್ದ. ತಾಯಿ ಬಾಯಿ ಮೇಲಿನ ಕೈ ತೆಗೆದು, ಕೈ ಈಚೆ ತೆಗಿ ಮಗಾ, ಎಂದಳು. ಅವನು ತೆಗೆದ. ದವಡೆ ದಡಕ್ಕನೆ ಮುಚ್ಚಿತು. ಅವನ ಐದೂ ಬೆರಳು ಉಳಿದವು, ತಾಯಿ ಕಳ್ಳಿಯಾದಳು. ಆ ಬೆರಳುಗಳಿಂದಲೇ ಈಗ ಅವನು ಎಣ್ಣೆ ಹಚ್ಚುತ್ತಿದ್ದುದು.

ಎಣಿಸುವುದು ಎಣ್ಣೆಯವನ ಕೆಲಸವಾದ್ದರಿಂದ ಆ ದಿನ ಅವನ ಬಾಯಿಗೆ ಅಪಾಯವಿರಲಿಲ್ಲ. ಈ ವರ್ಷ ಅವನ ಗಂಟಲು ಕಟ್ಟಿತ್ತು. ಆದ್ದರಿಂದ ಹಿರಿಬಾಯಿ ತಾನೇ ಎಣಿಸಿದಳು. ಹಿರಿಬಾಯಿ ಎಂದರೆ ಊರಿನ ಮುಖ್ಯಸ್ಥೆ, ಎಂಬತ್ತರ ಹತ್ತಿರದ ಮುದುಕಿ, ಆಮೆಯ ಕೊಕ್ಕು ಹಿಡಿದು ತೀರ್ಪು ಹೇಳುವವಳು. ಆಮೆಗೆ ಹಲ್ಲಿಲ್ಲ, ಆದರೆ ಒಮ್ಮೆ ಕಚ್ಚಿದ್ದನ್ನು ಅದು ಬಿಡುವುದಿಲ್ಲ. ಅವಳು ನಲವತ್ತು ಎಂದು ನಿಲ್ಲಿಸಿದಾಗ ಎಣ್ಣೆಯವನು ಎಲ್ಲರ ನಡುವೆ ಬಾಯಿ ಮುಚ್ಚಿಕೊಂಡು ನಿಂತಿದ್ದ. ಅಷ್ಟರಲ್ಲಿ ಗೋಡೆಯ ಮೇಲೆ ಒಂದು ಹಲ್ಲಿ ತನ್ನ ತಲೆಗಿಂತ ದೊಡ್ಡ ಪತಂಗವನ್ನು ಕಚ್ಚಿಕೊಂಡು ಬಂತು. ನುಂಗಲು ಆಗದು, ಬಿಡಲು ಮನಸ್ಸಿಲ್ಲ. ಪತಂಗದ ರೆಕ್ಕೆ ಎರಡೂ ಕಡೆ ಮೀಸೆಯ ಹಾಗೆ. ಅದು ನೇರ ಹಿರಿಬಾಯಿಯ ತಲೆಯ ಮೇಲ್ಗಡೆ ಬಂದು ನಿಂತು, ಅವಳ ಹಾಗೆಯೇ ಗಂಭೀರವಾಗಿ ಎಲ್ಲರನ್ನೂ ನೋಡಿತು. ಎಣ್ಣೆಯವನಿಗೆ ತಡೆಯಲಾಗಲಿಲ್ಲ. ನಕ್ಕುಬಿಟ್ಟ.

ಊರು ತಿರುಗಿ ನೋಡಿತು. ಹಲ್ಲಿ ಓಡಿಹೋಯಿತು. ಅವನು ಹಲ್ಲಿಯ ಕಥೆ ಹೇಳಿದ, ಯಾರೂ ನಂಬಲಿಲ್ಲ.

ಮರುದಿನ ಬೆಳಿಗ್ಗೆ ಅಂಬಿಗಿತ್ತಿ ಬಂದು ಹೊಸ್ತಿಲಲ್ಲಿ ಕೂತಳು. ತೋಳುಗಳು ಹುಟ್ಟುಗೋಲಿನಷ್ಟೇ ಗಟ್ಟಿ. ಕಳ್ಳರ ತೂಕ ಮೊದಲೇ ಕೇಳಿಕೊಳ್ಳುವುದು ಅವಳ ಪದ್ಧತಿ, ದೋಣಿಯ ತಳದ ಕಲ್ಲುಗಳನ್ನು ಅದಕ್ಕೆ ಸರಿಯಾಗಿ ಹೊಂದಿಸಬೇಕಲ್ಲ.

"ನಿನ್ನ ತೂಕ ಹೇಳಪ್ಪ," ಎಂದಳು. "ಸುಳ್ಳಿನ ತೂಕ ಬೇರೆ, ಮೈ ತೂಕ ಬೇರೆ ಹೇಳು. ಎರಡೂ ಒಟ್ಟಿಗೆ ಹೇರಿದ್ರೆ ನನ್ನ ದೋಣಿ ಮುಳುಗುತ್ತೆ."

ಅವನು ಆಚೆ ದಡದಲ್ಲಿ ಏನು ಕಾಣುತ್ತದೆ ಎಂದು ಕೇಳಿದ. ಅವಳು ತಾನು ದಿಬ್ಬದಿಂದ ಮುಂದೆ ಹೋದವಳಲ್ಲ ಎಂದಳು. ಜೊಂಡು ಕಾಣುತ್ತದೆ, ಜೊಂಡಿನ ಹಿಂದೆ ಮಂಜು. ಜನ ಇಳಿಯುತ್ತಾರೆ, ತಾನು ಬೆನ್ನು ತಿರುಗಿಸುತ್ತೇನೆ, ನೋಡುವುದು ತನ್ನ ಕೆಲಸವಲ್ಲ. ಆಮೇಲೆ ಎದ್ದು ಸೆರಗು ಕೊಡವಿಕೊಂಡು, ಈ ವರ್ಷ ಬೇರೆ ಯಾರಾದರೂ ಆಗಿದ್ದರೆ ಚೆನ್ನಾಗಿತ್ತು, ನಿನ್ನ ಸುಳ್ಳು ಕೇಳಿ ಅಭ್ಯಾಸವಾಗಿತ್ತು, ಎಂದು ಹೇಳಿ ಹೋದಳು.

ಆ ಮಧ್ಯಾಹ್ನ ಹಿರಿಬಾಯಿ ಬಂದಳು. ತಿಮಿಂಗಿಲದ ಕಮಾನಿಗೆ ಕೈ ಊರಿ, ಕೊಕ್ಕು ಹಿಡಿಯದೆ, ಬರಿಬಾಯಲ್ಲೇ ಮಾತಾಡಿದಳು. ಅಂದರೆ ನಾಳೆ ನಾನು ಹೇಳಲಿಲ್ಲ ಎನ್ನಬಹುದಾದ ಮಾತು. ಹಿಂದಿನ ಕೋಣೆಯಲ್ಲಿ ಉದುರಿದ ಹಲ್ಲು, ಮುರಿದ ಕೊಂಬು, ಕಾಡುಹಂದಿಯ ಕೋರೆ ಎಲ್ಲ ರಾಶಿ ಬಿದ್ದಿದೆ, ನಿನ್ನ ಕೈ ಎಂಥದು ಎಂದು ಊರಿಗೇ ಗೊತ್ತು, ಮೃಗದ ದವಡೆಯನ್ನಂತೂ ಯಾರೂ ನೋಡಿಲ್ಲ ಎಂದಳು. ಬಾಗಿಲಷ್ಟು ದೊಡ್ಡದಿರಲಿ, ಸಾಕು. ತಾನು ಅದನ್ನು ಗೂಟಕ್ಕೆ ಹಾಕಿಸಿ, ಎಣಿಕೆಯನ್ನು ನಲವತ್ತೊಂದಕ್ಕೆ ಮುಗಿಸಿ, ಇನ್ನು ಈ ಆಚಾರವೇ ಬೇಡ ಎಂದು ಹೇಳಿಬಿಡುತ್ತೇನೆ. ಮುಂದೆ ಯಾರೂ ದೋಣಿ ಹತ್ತಬೇಕಾಗಿಲ್ಲ. ತನಗೂ ಸಾಕಾಗಿದೆ.

ಎಣ್ಣೆಯವನು ಜೀವ ಬಂದ ಹಾಗೆ ನಕ್ಕ. ಅವನ ಜನ್ಮದಲ್ಲಿ ಇಷ್ಟು ಒಳ್ಳೆಯ ಸುಳ್ಳನ್ನು ಯಾರೂ ಅವನಿಂದ ಕೇಳಿರಲಿಲ್ಲ.

"ಒಂದು ಮಾತು," ಎಂದಳು ಹಿರಿಬಾಯಿ. "ತಂದವನು ಕದ್ದವರ ಹೆಸರು ಹೇಳಬೇಕು. ಅದು ನಿಯಮ."

"ಯಾರ ಹೆಸರು ಹೇಳ್ಲಿ?"

"ನಿನ್ನ ತಾಯಿ ಹೆಸರು ಹೇಳು. ಒಲೆ ಕೆಳಗೆ ಹುಗಿದಿಟ್ಟಿದ್ಲು, ಈಗ ಸಿಕ್ತು ಅನ್ನು. ಅವಳು ಹೋಗಿ ಮೂವತ್ತೊಂದು ವರ್ಷ ಆಯ್ತು. ಅವಳಿಗೆ ಇನ್ನೇನಾಗಬೇಕಿದೆ?"

 ಅವಳು ಹೋದ ಮೇಲೆ ಅವನು ಹಿಂದಿನ ಕೋಣೆಗೆ ಹೋಗಿ ಕೋರೆಗಳನ್ನು ಆರಿಸತೊಡಗಿದ. ಬದುಕಿದವನ ಕೈ ಹಾಗೆಯೇ, ಮನಸ್ಸನ್ನು ಕೇಳುವುದಿಲ್ಲ.

ಎರಡು ಹಗಲು ಕೆಲಸ ಮಾಡಿದ. ಹಲಸಿನ ಮರದ ಬುಡದಿಂದ ಬಾಗಿದ ತುಂಡನ್ನು ಕೆತ್ತಿ ಎಲುಬಿನ ಬಿಳುಪು ಬರುವ ಹಾಗೆ ಸುಣ್ಣ ತಿಕ್ಕಿದ. ಮುಂದೆ ಹಂದಿಯ ಕೋರೆ ನಾಲ್ಕು, ಅದರ ಹಿಂದೆ ಸೊರಮೀನಿನ, ಅಂದರೆ ಶಾರ್ಕಿನ, ಹಲ್ಲು ಸಾಲುಸಾಲಾಗಿ, ಒಂದು ಸಾಲು ಉದುರಿದರೆ ಇನ್ನೊಂದು ಸಾಲು ಮುಂದೆ ಬರುವ ಹಾಗೆ. ಹಾವುಮೀನಿಗೆ ಗಂಟಲಲ್ಲಿ ಎರಡನೆಯ ದವಡೆಯಿರುತ್ತದಲ್ಲ, ಒಂದು ಕಚ್ಚಿ ಹಿಡಿದರೆ ಇನ್ನೊಂದು ಒಳಗಿನಿಂದ ಬಂದು ಎಳೆದುಕೊಳ್ಳುವುದು, ಅದನ್ನೂ ಒಳಗೆ ಕೂರಿಸಿದ. ಅವನಿಗೆ ಗೊತ್ತಿದ್ದ ಬಾಯಿಗಳ ಭಯವೆಲ್ಲ ಆ ಒಂದು ಬಾಯಲ್ಲಿ ಬಂದು ಕೂತಿತು. ಎಣ್ಣೆ ಹಚ್ಚಿದ. ಅದು ಹೊಳೆಯಿತು. ತಾನೇ ಮಾಡಿದ್ದು ಎಂದು ಗೊತ್ತಿದ್ದೂ ಅವನ ಬೆನ್ನು ತಣ್ಣಗಾಯಿತು. ಇದು ಗೂಟದ ಮೇಲೇರಿದರೆ ಮುಂದಿನ ನೂರು ವರ್ಷ ಊರಿನ ಮಕ್ಕಳು ಇದರ ಕೆಳಗೆ ನಿಂತು, ಇದನ್ನು ಕದ್ದವಳು ಎಣ್ಣೆಯವನ ತಾಯಿ ಎಂದು ಹೇಳುತ್ತಾರೆ. ಬಾಯಿ ಬೇರೆ, ಹೆಸರು ಬೇರೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದು ಬರಿಬಾಯಲ್ಲಿ.

ಮೂರನೆಯ ಸಂಜೆ ದವಡೆಮನೆ ತುಂಬಿತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಕಮಾನಿನೊಳಗಿಂದ ನದಿ ಕಾಣುತ್ತಿತ್ತು, ದಡದಲ್ಲಿ ಅಂಬಿಗಿತ್ತಿಯ ದೋಣಿ. ಎಣ್ಣೆಯವನು ಬಟ್ಟೆ ಸರಿಸಿ ದವಡೆ ತೋರಿಸಿದಾಗ ಜನ ಒಂದು ಹೆಜ್ಜೆ ಹಿಂದೆ ಸರಿದರು.  ಇಷ್ಟು ದಿನ ನಂಬದ ಊರು ಅದನ್ನು ಕಂಡ ಕೂಡಲೇ ನಂಬಿಬಿಟ್ಟಿತು. ಹೆಂಗಸೊಬ್ಬಳು ತನ್ನ ಮಗುವಿನ ಕಣ್ಣು ಮುಚ್ಚಿದಳು.

"ಬಾಯಿಗೆ ಹಿಡಿ," ಎಂದಳು ಹಿರಿಬಾಯಿ, ಈಗ ಆಮೆಯ ಕೊಕ್ಕಿನಿಂದ. "ಕದ್ದವರ ಹೆಸರು ಹೇಳಿ ಗೂಟಕ್ಕೆ ಹಾಕು."

ಅವನು ಆ ಭಾರವನ್ನು ಎರಡೂ ಕೈಯಲ್ಲಿ ಎತ್ತಿ ಮುಖದ ಹತ್ತಿರ ತಂದ. ಹೆಸರು ನಾಲಿಗೆಯ ತುದಿಗೆ ಬಂದಿತ್ತು.

ಆಗ ನದಿಯ ಕಡೆಯಿಂದ ಒಂದು ಸಂಜೆಹುಳ ಬಂತು. ವರ್ಷವರ್ಷವೂ ಅದೇ ಸಂಜೆ ನದಿಯಿಂದ ಅವು ಸಾವಿರ ಸಾವಿರವಾಗಿ ಏಳುತ್ತಿದ್ದವು. ಮಾರನೆಯ ಬೆಳಿಗ್ಗೆ ಹೆಂಗಸರು ಹೊಸ್ತಿಲಿನಿಂದ ಮೊರಗಟ್ಟಲೆ ಗುಡಿಸಿ ಚೆಲ್ಲುತ್ತಿದ್ದರು. ಬದುಕಿರುವಾಗ ಅವನ್ನು ಯಾರೂ ನೋಡಿದವರಲ್ಲ. ಅವು ಏಳುವ ಹೊತ್ತಿಗೆ ಊರಿನ ಕಣ್ಣೆಲ್ಲ ದೋಣಿಯಲ್ಲಿ ಹೋಗುವ ಕಳ್ಳರ ಮೇಲೆ. ಈ ಒಂದು ಹುಳ ಕಮಾನಿನೊಳಗೆ ಹಾರಿ ಬಂದು ಎಣ್ಣೆಯವನ ಕಣ್ಣೆದುರು, ಹಂದಿಯ ಕೋರೆಯ ತುದಿಯಲ್ಲಿ ಕೂತಿತು. ರೆಕ್ಕೆಗಳನ್ನು ನೆಟ್ಟಗೆ ಎತ್ತಿ ನಿಲ್ಲಿಸಿತು. ಹಿಂದೆ ಮೂರು ಬಾಲ, ಕೂದಲಿಗಿಂತ ಸಣ್ಣ.

ಅವನು ಹುಳವನ್ನು ನೋಡಿದ. ಗೂಟದ ಕೆಳಗಿನ ಚಿತ್ರವನ್ನು ನೋಡಿದ. ಮತ್ತೆ ಹುಳವನ್ನು ನೋಡಿದ.

ಮೆಲ್ಲನೆ ದವಡೆಯನ್ನು ನೆಲಕ್ಕಿಟ್ಟ, ಹುಳ ಏಳದ ಹಾಗೆ. ಸೊಂಟದಲ್ಲಿದ್ದ ಅತ್ತಿಯ ಎಲೆ ತೆಗೆದ. ತೂತಿನಲ್ಲಿ ಒಂದು ಹನಿ ನೀರು ನಿಲ್ಲಿಸಿದ. ಮಂಡಿಯೂರಿ ಕೂತು, ಯಾವ ಜೀವದ ಮುಂದೆ ಕೂತರೂ ಮೊದಲು ನೋಡುವ ಜಾಗವನ್ನೇ ನೋಡಿದ.

ಬಾಯಿ ಇರಲಿಲ್ಲ.

ಮುಚ್ಚಿದ ಬಾಯಿಯಲ್ಲ, ಮುರಿದ ಬಾಯಿಯಲ್ಲ, ಕಿತ್ತ ಗುರುತೂ ಇಲ್ಲ. ಕಣ್ಣುಗಳು ಎರಡು, ದೊಡ್ಡವು. ಅವುಗಳ ಕೆಳಗೆ, ದವಡೆ ಇರಬೇಕಾದ ಕಡೆ, ಒಂದು ಒಣಗಿದ ಚರ್ಮದ ಚೂರು, ಯಾರೋ ಬಾಯಿ ಮಾಡಲು ಶುರುಮಾಡಿ ಬೇಡವೆಂದು ಬಿಟ್ಟ ಹಾಗೆ. ಅವನು ಹುಡುಕಿದ. ಆ ಊರಿನಲ್ಲಿ ಅವನಷ್ಟು ಚೆನ್ನಾಗಿ ಬಾಯಿ ಹುಡುಕುವವರು ಇರಲಿಲ್ಲ. ಕೊಳದ ಕೆಸರಿನಲ್ಲಿ ತುಟಿಯನ್ನೇ ತೋಳಿನ ಹಾಗೆ ಮಡಿಸಿಟ್ಟುಕೊಂಡು, ಮೀನು ಬಂದಾಗ ಚಾಚಿ ಹಿಡಿಯುವ ಹುಳದ ಬಾಯನ್ನೂ ಕಂಡಿದ್ದ. ಇಲ್ಲಿ ಕಾಣಲು ಏನೂ ಇರಲಿಲ್ಲ. ನಲವತ್ತು ಹಸಿವುಗಳ ಕೊನೆಗೆ, ಹಸಿವೇ ಇಲ್ಲದ ಒಂದು ಜೀವ ರೆಕ್ಕೆ ಎತ್ತಿ ಕೂತಿತ್ತು. ಅವನ ಮೈಯ ಕೂದಲೆಲ್ಲ ನಿಂತಿತು. ಹನಿ ಚೆಲ್ಲಿತು. ಇನ್ನೊಂದು ಹನಿ ನಿಲ್ಲಿಸಿದ.

"ಹೇಳು," ಎಂದಳು ಹಿರಿಬಾಯಿ.

"ಇದರ ದವಡೆ ಗೂಟದ ಮೇಲೇ ಇದೆ," ಎಂದ ಅವನು. "ಮೊದಲ ದಿನದಿಂದ ಇದೆ. ಯಾರೂ ಮುಟ್ಟಿಲ್ಲ."

ಶುರುಮಾಡಿದ ನೋಡು, ಎಂದು ಹಿಂದಿನಿಂದ ಯಾರೋ ಅಂದರು. ಕೆಲವರು ನಕ್ಕರು. ಒಬ್ಬ, ಕೈಯಲ್ಲಿದ್ದ ದವಡೆ ಬಿಟ್ಟು ಗಾಳಿಯ ದವಡೆ ತೋರಿಸುತ್ತಾನಲ್ಲ, ಇವನ ಸೋದರಮಾವನದೇ ಇರಬೇಕು, ಎಂದ. ಎಣ್ಣೆಯವನು ಬಾಯಿ ತೆರೆದ, ಏನೋ ಹೇಳಲು. ಹೇಳಿದರೆ ಅದು ಅವನ ಬಾಯಿಂದಲೇ ಬರಬೇಕು, ಆ ಬಾಯನ್ನು ಅವನೇ ಇಷ್ಟು ವರ್ಷ ಹಾಳುಮಾಡಿದ್ದ. ಮುಚ್ಚಿದ. ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಹಿರಿಬಾಯಿಯ ಕಡೆ ಚಾಚಿದ.

ಮುದುಕಿ ಕಷ್ಟಪಟ್ಟು ಮಂಡಿಯೂರಿದಳು. ಒಂದು ಕಣ್ಣು ಮುಚ್ಚಿ ಹನಿಯೊಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಕೈ ತಾನಾಗಿ ಮೇಲೆ ಹೋಗಿ ಗೋಡೆಯ ಮೇಲಿನ ಚಿತ್ರವನ್ನು ತಡವಿತು. ಒಂದು ಬಾಲ, ಎರಡು ಬಾಲ, ಮೂರು.

"ಇದು ಏನು ತಿನ್ನುತ್ತೆ?"

"ಏನೂ ಇಲ್ಲ. ತಿನ್ನೋದೆಲ್ಲ ನೀರೊಳಗೆ ಮರಿಯಾಗಿದ್ದಾಗಲೇ ತಿಂದು ಮುಗಿಸಿರಬೇಕು. ರೆಕ್ಕೆ ಬಂದ ಮೇಲೆ ಬಾಯಿ ಬೇಕಾಗಿಲ್ಲ."

"ಹಾಗಾದರೆ ಬದುಕೋದು?"

"ಈ ಸಂಜೆ."

ಅವಳು ಎದ್ದು ಪಕ್ಕಕ್ಕೆ ಸರಿದು, ಊರಿಗೆ ಬಾ ಎಂದು ಕೈ ಮಾಡಿದಳು. ಒಬ್ಬೊಬ್ಬರಾಗಿ ಬಂದರು. ಮಂಡಿಯೂರಿದರು, ಒಂದು ಕಣ್ಣು ಮುಚ್ಚಿದರು, ನೋಡಿದರು, ಎದ್ದರು. ನಕ್ಕವನೂ ಬಂದ. ಎದ್ದವರು ಮಾತಾಡಲಿಲ್ಲ, ಬಲಗೈ ಬಾಯಿ ಮುಚ್ಚಿತ್ತು, ಯಾರೂ ಹೇಳದೆಯೇ. ಅಷ್ಟರಲ್ಲಿ ನದಿ ಏಳತೊಡಗಿತು. ನೀರಿನ ಮೇಲಿಂದ ಸಂಜೆಹುಳಗಳು ಹೊಗೆಯ ಹಾಗೆ, ಹಾಲು ಉಕ್ಕಿದ ಹಾಗೆ ಎದ್ದು ಕಮಾನಿನೊಳಗೆ ನುಗ್ಗಿ ಬಂದವು. ಮೊಸಳೆಯ ಹಲ್ಲಿನ ಮೇಲೆ ಕೂತವು, ಹಾವಿನ ಸಂದಿನಲ್ಲಿ ಕೂತವು, ಹಸುವಿನ ದವಡೆಯ ಬೋಳು ತುದಿಯ ಮೇಲೆ ಕೂತವು, ಜನರ ರೆಪ್ಪೆಯ ಮೇಲೆ, ಬಾಯಿ ಮುಚ್ಚಿದ ಕೈಗಳ ಮೇಲೆ ಕೂತವು. ಕಚ್ಚಲಿಲ್ಲ, ಕುಡಿಯಲಿಲ್ಲ, ಸದ್ದು ಮಾಡಲಿಲ್ಲ. ಮಹಾಮೃಗ ಎಂದು ಹೆದರಿದ್ದು ಇದಕ್ಕೆ. ಆ ಹೆದರಿಕೆ ತಪ್ಪೂ ಆಗಿರಲಿಲ್ಲ ಎಂದು ಎಣ್ಣೆಯವನಿಗೆ ಅನ್ನಿಸಿತು. ಅಷ್ಟು ಬಾಯಿಗಳ ನಡುವೆ ದೊಡ್ಡದು ಎನ್ನುವಂಥದ್ದು ಅದೊಂದೇ ಇತ್ತು.

ಬೆರಗು ಇಳಿದ ಮೇಲೆ ಲೆಕ್ಕ ಶುರುವಾಯಿತು. ಯಾರೋ ತಂಗಿ ಎಂದು ಪಿಸುಗುಟ್ಟಿದರು. ಯಾರೋ, ನಮ್ಮಪ್ಪ. ಆಕಳಿಸಿದ್ದಕ್ಕೆ ಹೋದವನು, ಕೆಮ್ಮಿದ್ದಕ್ಕೆ ಹೋದವಳು. ಮುಖಗಳೆಲ್ಲ ಹಿರಿಬಾಯಿಯ ಕಡೆ ತಿರುಗಿದವು.

ಅವಳು ರೂಢಿಯಂತೆ ಆಮೆಯ ಕೊಕ್ಕನ್ನು ಬಾಯಿಗೆ ಎತ್ತಿದಳು. ಅರ್ಧಕ್ಕೆ ನಿಲ್ಲಿಸಿದಳು. ಕೆಳಗಿಳಿಸಿ ಎಣ್ಣೆಯವನ ಕೈಗೆ ಕೊಟ್ಟಳು.

"ಯಾರೂ ಕದ್ದಿಲ್ಲ," ಎಂದಳು ಬರಿಬಾಯಲ್ಲಿ. "ನಾನು ಮೂವತ್ತೊಂದು ಜನರನ್ನು ಕಳಿಸಿದೆ. ಮೊದಲನೆಯವಳು ನಿನ್ನ ತಾಯಿ. ಅವಳು ಯಾಕೆ ಬಾಯಿ ತೆರೆದಳು ಅಂತ ನಾನು ಕಣ್ಣಾರೆ ಕಂಡಿದ್ದೆ."

ಯಾರೂ ಅಲುಗಲಿಲ್ಲ. ಬರಿಬಾಯಿಯ ಮಾತು ಗಾಳಿ. ಅದಕ್ಕೆ ಒಂದು ದವಡೆ ಬೇಕು. ನಲವತ್ತು ಗೂಟಗಳನ್ನೂ ಕಣ್ಣಲ್ಲೇ ಹುಡುಕಿದರು. ಆಣೆಗೆ ಇತ್ತು, ಸಾವಿಗೆ ಇತ್ತು, ಜಗಳಕ್ಕೆ, ಮದುವೆಗೆ ಇತ್ತು. ನಾನು ತಪ್ಪು ಮಾಡಿದೆ ಎನ್ನುವುದಕ್ಕೆ ಊರು ಕಟ್ಟಿದವರು ಯಾವ ದವಡೆಯನ್ನೂ ಇಟ್ಟಿರಲಿಲ್ಲ.

ಮೊದಲು ಅಲುಗಿದವಳು ಅಂಬಿಗಿತ್ತಿ. ಜನರನ್ನು ಮೊಣಕೈಯಿಂದ ಸರಿಸಿಕೊಂಡು ಕಮಾನಿನ ಕಡೆ ನಡೆದಳು. ದವಡೆಯ ಅಪ್ಪಣೆಯಿಲ್ಲದೆ ದೋಣಿ ಬಿಡುವ ಹಾಗಿಲ್ಲ ಎಂದು ಒಬ್ಬ ನೆನಪಿಸಿದ.

"ದವಡೆ ಬೇಕಿರೋದು ನಿಮ್ಮ ಬಾಯಿಗೆ," ಎಂದಳು ಅವಳು. "ನನ್ನ ಕಿವಿ ಚೆನ್ನಾಗೇ ಇದೆ. ಬಾರಪ್ಪ ಸುಳ್ಳ, ಕೂತ್ಕೋ. ನಿನ್ನ ತೂಕಕ್ಕೆ ಕಲ್ಲು ಆಗ್ಲೇ ಹೊಂದಿಸಿದೀನಿ."

ಅವನು ಹೋಗಿ ಕೂತ. ಕೊಕ್ಕು ಇನ್ನೂ ಕೈಯಲ್ಲೇ ಇತ್ತು, ಹತ್ತುವಾಗ ದಡದ ಮೇಲೆ ಇಟ್ಟ. ಹುಟ್ಟು ಬಿದ್ದಲ್ಲೆಲ್ಲ ನೀರಿನ ಮೇಲೆ ರೆಕ್ಕೆಗಳು. ಸಂಜೆ ಮುಗಿಸಿದ ಹುಳಗಳು ಬೀಳತೊಡಗಿದ್ದವು. ಮರಳದಿಬ್ಬ ಬಂತು. ಅಂಬಿಗಿತ್ತಿ ಕ್ಷಣ ಹುಟ್ಟು ನಿಲ್ಲಿಸಿದಳು. "ಇಲ್ಲಿಂದ ಮುಂದೆ ನನಗೆ ದಾರಿ ಗೊತ್ತಿಲ್ಲ," ಎಂದಳು. ಆಮೇಲೆ ದಿಬ್ಬವನ್ನು ಬಳಸಿ ದೋಣಿಯನ್ನು ಮುಂದಕ್ಕೆ ನೂಕಿದಳು. ಜೊಂಡು ಎರಡಾಗಿ ಸರಿಯಿತು. ಮಂಜು ಎಂದುಕೊಂಡಿದ್ದು ಮಂಜಲ್ಲ, ಒಲೆಗಳ ಹೊಗೆ.

ದಡದಲ್ಲಿ ಸಾಲು ಗುಡಿಸಲು. ಅಂಗಳದಲ್ಲಿ ಮುದುಕರು, ಹೆಂಗಸರು ಕೂತು ಮಾತಾಡುತ್ತಿದ್ದರು, ಎಲ್ಲರೂ ಬರಿಬಾಯಲ್ಲಿ, ಒಬ್ಬರ ಮಾತಿನ ಮೇಲೆ ಒಬ್ಬರು, ನಗುತ್ತ, ಜಗಳವಾಡುತ್ತ. ನೀರಂಚಿನಲ್ಲಿ ಒಬ್ಬ ಮುದುಕಿ ಪಾತ್ರೆ ತಿಕ್ಕುತ್ತಿದ್ದಳು. ಬಾಯಲ್ಲಿ ಒಂದೂ ಹಲ್ಲಿಲ್ಲ. ದೋಣಿ ದಡ ಮುಟ್ಟಿದ್ದನ್ನು ಕಂಡು ಅವಳು ಕೈ ನಿಲ್ಲಿಸಿ ತಲೆಯೆತ್ತಿದಳು. ಇಳಿದವನ ಮುಖ ನೋಡಿದಳು. ಆಮೇಲೆ ಅವನ ಬಲಗೈಯನ್ನು ಹಿಡಿದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಐದೂ ಇದ್ದವು.



"ಊಟ ಆಯ್ತಾ?" ಎಂದಳು ಅವಳು.

"ಇಲ್ಲ," ಎಂದ. ಅವನು ಆಡಿದ್ದರಲ್ಲಿ ಊರು ಕಿಟಕಿ ತೆರೆಯದೆ ನಂಬಬಹುದಾಗಿದ್ದ ಮಾತು ಅದೊಂದೇ. ಆದರೆ ಕೇಳಲು ಊರು ಅಲ್ಲಿರಲಿಲ್ಲ. ಅದು ಈಚೆ ದಡದಲ್ಲಿ ನೆರೆದು, ಬಾಯಿ ಮೇಲಿನ ಕೈಯನ್ನು ಯಾವಾಗ ತೆಗೆಯಬೇಕೆಂದು ತಿಳಿಯದೆ ನಿಂತಿತ್ತು.

ಆಚೆ ದಡದಲ್ಲಿ ಅವತ್ತು ಊಟಕ್ಕೆ ಏನಿತ್ತು ಅಂತೀರಾ? ಮೂವತ್ತೆರಡು ಬಗೆ ಇತ್ತು, ಒಂದೊಂದನ್ನೂ ಹೇಳಬಲ್ಲೆ. ಆದರೆ ಇಷ್ಟು ಹೊತ್ತು ಆಡಿದ್ದಕ್ಕೆ ನನ್ನ ದವಡೆ ಹಿಡಿದುಕೊಂಡಿದೆ. ನನ್ನ ಚಹಾದ ದುಡ್ಡನ್ನು ನೀವೇ ಕೊಟ್ಟುಬಿಡಿ ಸ್ವಾಮಿ. ಎರಡು ಕುಡಿದಿದ್ದೇನೆ.